ಒಮ್ಮೆ ನೀವೇ ಆ ಕುರ್ಚಿಯಲ್ಲಿ ಮಲಗಿ ನೋಡಿ

ದಾವಣಗೆರೆಯಲ್ಲಿ ಬಾಡಿಗೆ ಮಳಿಗೆ ಹಿಡಿದು ಹಲ್ಲಿನ ಕ್ಲಿನಿಕ್ ತೆರೆದಾಗ ನಾನು ಮಾಡಿದ ಮೊದಲ ತಪ್ಪು, ಕಂಪ್ರೆಸರನ್ನು ಕುರ್ಚಿಯ ಪಕ್ಕದಲ್ಲೇ ಇಟ್ಟದ್ದು. ಅದು ಗುಡುಗಿದಾಗಲೆಲ್ಲ ಬಾಯಿ ತೆರೆದು ಮಲಗಿದವರು ಬೆಚ್ಚಿಬೀಳುತ್ತಿದ್ದರು. ಅಜ್ಜಿಯೊಬ್ಬರು ಕೇಳಿಯೇಬಿಟ್ಟರು: "ಏನ್ ಡಾಕ್ಟ್ರೇ, ಹಲ್ಲು ಕೀಳ್ತೀರೋ, ಜೋಳ ಬೀಸ್ತೀರೋ?"

ಹೊಸ ಜಾಗಕ್ಕೆ ಹೋದಾಗ ಗೋಡೆಯ ಬಣ್ಣ ಆರಿಸುವ ಮೊದಲೇ ನೆಲ ಅಗೆಸಿದೆ. ನೀರು, ಗಾಳಿ, ಕರೆಂಟು, ಚರಂಡಿ ನಾಲ್ಕೂ ಕುರ್ಚಿಯ ಬುಡಕ್ಕೇ ಬರಬೇಕು. ಟೈಲ್ಸ್ ಕೂರಿಸಿದ ಮೇಲೆ ನೆನಪಾದರೆ ಒಡೆಯುವುದೊಂದೇ ದಾರಿ. ಕಂಪ್ರೆಸರ್ ಹಿತ್ತಲು ಸೇರಿತು.

ಉಪಕರಣ ತೊಳೆಯುವ ಕೋಣೆಯಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಸಾಗುತ್ತದೆ. ಬಳಸಿದ ಉಪಕರಣ ಒಂದು ತುದಿಗೆ ಬಂದು, ತೊಳೆಸಿಕೊಂಡು, ಪೊಟ್ಟಣ ಸೇರಿ, ಆಟೋಕ್ಲೇವಿನ ಒತ್ತಡದ ಹಬೆಗೆ ಹೋಗುತ್ತದೆ. 134 ಡಿಗ್ರಿ ಸೆಲ್ಸಿಯಸ್ ಆದರೆ ಕನಿಷ್ಠ 3 ನಿಮಿಷ, 121 ಡಿಗ್ರಿಯಾದರೆ 15 ನಿಮಿಷ. ಒಣಗುವ ಹೊತ್ತು ಬೇರೆ. ಶುದ್ಧವಾದದ್ದು ಇನ್ನೊಂದು ತುದಿಯಿಂದ ಹೊರಡುತ್ತದೆ. ಎಂಜಲೂ ಮಡಿಯೂ ಮುಟ್ಟಿಕೊಳ್ಳಬಾರದು ಎನ್ನುವ ನಮ್ಮ ಅಡುಗೆಮನೆಯ ಲೆಕ್ಕವೇ ಇದು.

ಒಂದು ಸಂಜೆ ರೋಗಿಯ ಕುರ್ಚಿಯಲ್ಲಿ ನಾನೇ ಮಲಗಿದೆ. ಕಣ್ಣಿಗೆ ಬಿದ್ದದ್ದು ಚುಚ್ಚುಮದ್ದಿನ ತಟ್ಟೆ, ಮೇಲೆ ಜೇಡರಬಲೆ! ಮರುದಿನವೇ ತಟ್ಟೆ ತಲೆಯ ಹಿಂದಕ್ಕೆ ಸರಿಯಿತು, ಚಾವಣಿಗೆ ಹೊಂಗೆ ಮರದ ದೊಡ್ಡ ಚಿತ್ರ ಬಂತು. ಕಾಯುವ ಕೋಣೆಯ ಮೆತ್ತನೆ ಸೋಫಾ ತೆಗೆಸಿ, ಕೈಯಿರುವ ಕುರ್ಚಿ ಹಾಕಿಸಿದೆ. ಮಂಡಿನೋವಿನವರು ಕುರ್ಚಿಯ ಕೈ ಹಿಡಿದು ತಾವೇ ಏಳುತ್ತಾರೆ.