ಸರಕು ಉಗ್ರಾಣ ಸ್ಥಳಾಂತರಗೊಂಡರೆ ವೆಚ್ಚ ಯಾರ ಪಾಲಿಗೆ?
ವಿಮಾನ ನಿಲ್ದಾಣಗಳ ಅಭಿವೃದ್ಧಿ ಯೋಜನೆಯ ತಿದ್ದುಪಡಿ ಮತ್ತು ಸಣ್ಣ ಉದ್ದಿಮೆಗಳು

ವಿಮಾನ ನಿಲ್ದಾಣವೆಂದೊಡನೆ ಸಾರ್ವಜನಿಕರ ಕಣ್ಣೆದುರು ಬರುವುದು ಗಾಜಿನ ಟರ್ಮಿನಲ್ ಕಟ್ಟಡ ಮತ್ತು ನೀಳವಾದ ರನ್‌ವೇ. ಆದರೆ ಪೀಣ್ಯದಲ್ಲಿ ಬಿಡಿಭಾಗಗಳನ್ನು ತಯಾರಿಸಿ ವಿದೇಶಕ್ಕೆ ರವಾನಿಸುವ ಉದ್ಯಮಿಗಾಗಲಿ, ದೊಡ್ಡಬಳ್ಳಾಪುರದ ಪಾಲಿಹೌಸ್‌ಗಳಲ್ಲಿ ಗುಲಾಬಿ ಬೆಳೆಯುವ ಕೃಷಿಕನಿಗಾಗಲಿ ಇವೆರಡರೊಡನೆ ನೇರ ವ್ಯವಹಾರ ಕಡಿಮೆ. ಅವರು ಕಾಣುವ ನಿಲ್ದಾಣವೇ ಬೇರೆ. ಸರಕು ಉಗ್ರಾಣ, ಲಾರಿಗಳ ನಿಲುಗಡೆ ಅಂಗಳ, ಸುಂಕ ಇಲಾಖೆಯ ತಪಾಸಣಾ ಕೊಠಡಿ, ಶೈತ್ಯಾಗಾರ, ಎಕ್ಸ್-ರೇ ಯಂತ್ರದ ಮುಂದಿನ ಸಾಲು ಇವೇ ಅವರ ನಿಲ್ದಾಣ. ಯೋಜನಾಕಾರರ ಪರಿಭಾಷೆಯಲ್ಲಿ ಇವು 'ಪೂರಕ ಸೌಲಭ್ಯ'ಗಳು. ಇಂಧನ ಸಂಗ್ರಹಾಗಾರ, ವಿಮಾನ ದುರಸ್ತಿ ಹ್ಯಾಂಗರ್, ಊಟ ಸಿದ್ಧಪಡಿಸುವ ಅಡುಗೆಮನೆ, ಅಗ್ನಿಶಾಮಕ ಠಾಣೆ, ನೆಲಸೇವಾ ವಾಹನಗಳ ಅಂಗಳ ಇವೂ ಇದೇ ಗುಂಪಿಗೆ ಸೇರಿದವು.

ನಿಲ್ದಾಣ ಬೆಳೆದಂತೆಲ್ಲ ಮೊದಲು ಜಾಗ ಬಿಟ್ಟುಕೊಡಬೇಕಾಗುವುದು ಈ ಪೂರಕ ಸೌಲಭ್ಯಗಳೇ. ಕಾರಣ ಸರಳ. ರನ್‌ವೇಯನ್ನು ಸರಿಸಲಾಗದು, ಟರ್ಮಿನಲ್ ಕಟ್ಟಡವನ್ನು ಸರಿಸಿದರೆ ಪ್ರಯಾಣಿಕರು ಸುಮ್ಮನಿರಲಾರರು. ಹೊಸ ಟ್ಯಾಕ್ಸಿ ಪಥವೊಂದು ಅಥವಾ ವಿಮಾನ ನಿಲುಗಡೆಯ ಏಪ್ರನ್ ಬೇಕಾದಾಗ ಮಧ್ಯದಲ್ಲಿರುವ ಉಗ್ರಾಣ, ಹ್ಯಾಂಗರ್‌ಗಳನ್ನು ಕೆಡವಿ ಅಂಚಿಗೆ ತಳ್ಳುವುದೇ ಸುಲಭದ ಮಾರ್ಗವಾಗಿ ಕಾಣುತ್ತದೆ. ಇದಕ್ಕಾಗಿ ಅಭಿವೃದ್ಧಿ ಯೋಜನೆಗೆ ತಿದ್ದುಪಡಿ ತರಲಾಗುತ್ತದೆ. ನಕಾಶೆಯಲ್ಲಿ ಒಂದು ಚೌಕಟ್ಟು ಅಳಿಸಿ ಇನ್ನೊಂದೆಡೆ ಬರೆಯುವ ಈ ಕಾರ್ಯ ತಾಂತ್ರಿಕ ವಿಷಯವೆಂದು ವ್ಯಾಪಾರಸ್ಥರು ಅದರತ್ತ ಗಮನ ಹರಿಸುವುದು ವಿರಳ. ಬಿಲ್ಲು ಕೈಸೇರಿದ ಮೇಲೆ ಗಮನಿಸಿ ಪ್ರಯೋಜನವೂ ಹೆಚ್ಚಿಲ್ಲ.

ಬೆಂಗಳೂರಿನ ಬೆಳವಣಿಗೆಯ ವೇಗ

ಬೆಂಗಳೂರಿನ ಉದಾಹರಣೆ ಕಣ್ಣೆದುರಿಗೇ ಇದೆ. ದೇವನಹಳ್ಳಿಯ ನಿಲ್ದಾಣದ ನಿರ್ಮಾಣ 2005ರಲ್ಲಿ ಆರಂಭವಾಯಿತು. ಕೆಲಸ ನಡೆಯುತ್ತಿರುವಾಗಲೇ ಪ್ರಯಾಣಿಕರ ಸಂಖ್ಯೆಯ ಅಂದಾಜು ತಪ್ಪಿದ್ದು ಗೊತ್ತಾಗಿ, ವರ್ಷಕ್ಕೆ ಸುಮಾರು 1.1 ಕೋಟಿ ಪ್ರಯಾಣಿಕರಿಗೆ ಸಾಲುವಂತೆ ವಿನ್ಯಾಸವನ್ನು ಹಿಗ್ಗಿಸಬೇಕಾಯಿತು. ಅಂದರೆ ಈ ನಿಲ್ದಾಣದ ಯೋಜನೆ ತೆರೆಯುವ ಮುನ್ನವೇ ತಿದ್ದುಪಡಿ ಕಂಡಿತ್ತು. 2008ರ ಮೇ 24ರಂದು ಅದು ಕಾರ್ಯಾರಂಭ ಮಾಡಿತು. 2013ರಲ್ಲಿ ಮೊದಲ ಟರ್ಮಿನಲ್ ವಿಸ್ತರಣೆ, 2019ರ ಡಿಸೆಂಬರ್‌ನಲ್ಲಿ ಎರಡನೆಯ ರನ್‌ವೇ, 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್‌ನ ಉದ್ಘಾಟನೆ ನಡೆದವು. 2024-25ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿಯನ್ನೂ ಸರಕಿನ ಪ್ರಮಾಣ 5 ಲಕ್ಷ ಟನ್ನುಗಳನ್ನೂ ದಾಟಿತು. ಸುಮಾರು 4,000 ಎಕರೆಯ ವಿಶಾಲ ಪ್ರದೇಶವಾದರೂ ಎರಡು ರನ್‌ವೇಗಳ ನಡುವಿನ ಭೂಮಿ ಮಾತ್ರ ಅಳತೆಯದ್ದೇ. ಅಲ್ಲಿನ ಪ್ರತಿ ಎಕರೆಗೂ ಟರ್ಮಿನಲ್, ಏಪ್ರನ್, ರಸ್ತೆ, ಮೆಟ್ರೋ ಮತ್ತು ಸರಕು ಕಟ್ಟಡಗಳ ನಡುವೆ ಪೈಪೋಟಿ ಇರುತ್ತದೆ.

ಎಲ್ಲೆಂದರಲ್ಲಿ ಇಡಲಾಗದು

ಹಾಗಿದ್ದಲ್ಲಿ ಪೂರಕ ಸೌಲಭ್ಯಗಳನ್ನೆಲ್ಲ ದೂರದ ಮೂಲೆಗೆ ಒಯ್ದರೆ ತೊಂದರೆಯೇನು ಎಂಬ ಪ್ರಶ್ನೆ ಸಹಜ. ಇಲ್ಲಿ ಅಂತಾರಾಷ್ಟ್ರೀಯ ನಿಯಮಗಳು ಅಡ್ಡ ಬರುತ್ತವೆ. ಅಗ್ನಿಶಾಮಕ ವಾಹನವು ಬಳಕೆಯಲ್ಲಿರುವ ರನ್‌ವೇಯ ಯಾವುದೇ ಬಿಂದುವನ್ನು 3 ನಿಮಿಷದೊಳಗೆ, ಸಾಧ್ಯವಾದಲ್ಲಿ 2 ನಿಮಿಷದಲ್ಲೇ ತಲುಪಬೇಕೆಂಬುದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ. 4,000 ಮೀಟರ್ ಉದ್ದದ ಎರಡು ರನ್‌ವೇಗಳಿರುವಲ್ಲಿ ಅಗ್ನಿಶಾಮಕ ಠಾಣೆಗೆ ದೊರೆಯುವ ಜಾಗದ ಆಯ್ಕೆ ಎಷ್ಟು ಕಿರಿದೆಂಬುದನ್ನು ಊಹಿಸಬಹುದು. ಕಟ್ಟಡಗಳ ಎತ್ತರಕ್ಕೂ ಮಿತಿಯಿದೆ. ದೊಡ್ಡ ರನ್‌ವೇಯ ಮಧ್ಯರೇಖೆಯಿಂದ 140 ಮೀಟರ್‌ವರೆಗೆ ತೆರವಾದ ಪಟ್ಟಿಯಿರಬೇಕು. ಅದರಾಚೆಗೆ ಪ್ರತಿ 7 ಮೀಟರ್ ದೂರಕ್ಕೆ 1 ಮೀಟರ್‌ನಂತೆ ಏರುವ ಕಾಲ್ಪನಿಕ ಇಳಿಜಾರನ್ನು ಯಾವ ಕಟ್ಟಡವೂ ಭೇದಿಸಬಾರದು. ಈ ಲೆಕ್ಕದಂತೆ 20 ಮೀಟರ್ ಎತ್ತರದ ಹ್ಯಾಂಗರ್ ಮಧ್ಯರೇಖೆಯಿಂದ ಕನಿಷ್ಠ 280 ಮೀಟರ್ ದೂರ ನಿಲ್ಲಬೇಕಾಗುತ್ತದೆ. ಇಂಧನ ಸಂಗ್ರಹಾಗಾರಕ್ಕೆ ಸ್ಫೋಟಕ ಸುರಕ್ಷತಾ ಇಲಾಖೆಯ ಅಂತರಗಳು ಪ್ರತ್ಯೇಕ. ನಿಯಂತ್ರಣ ಗೋಪುರದಿಂದ ರನ್‌ವೇ, ಟ್ಯಾಕ್ಸಿ ಪಥಗಳು ಕಾಣುವುದಕ್ಕೆ ಯಾವ ಹೊಸ ಕಟ್ಟಡವೂ ಮರೆಯಾಗಬಾರದು.

ಹೀಗೆ ಒಂದನ್ನು ಸರಿಸಿದರೆ ಇನ್ನೊಂದು, ಅದರಿಂದ ಮತ್ತೊಂದು ಎಂದು ಸರಪಳಿ ಬೆಳೆಯುತ್ತದೆ. ಮುಂಬಯಿಯಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ವಿಸ್ತೀರ್ಣದಲ್ಲಿ ಬೆಂಗಳೂರಿನ ಅರ್ಧದಷ್ಟಿರುವ, ಒಂದನ್ನೊಂದು ಛೇದಿಸುವ ರನ್‌ವೇಗಳ ಆ ನಿಲ್ದಾಣದಲ್ಲಿ ಹಳೆಯ ನಿಯಂತ್ರಣ ಗೋಪುರವೇ ಎರಡನೆಯ ರನ್‌ವೇಯ ಎತ್ತರ ಮಿತಿಗೆ ಅಡಚಣೆಯಾಗಿತ್ತು. ಕೊನೆಗೆ 83.8 ಮೀಟರ್ ಎತ್ತರದ ಹೊಸ ಗೋಪುರ ಕಟ್ಟಿ 2013ರಲ್ಲಿ ಉದ್ಘಾಟಿಸಲಾಯಿತು.

ಹಣ ಬರುವ ದಾರಿ

ಇಷ್ಟೆಲ್ಲ ಸರಿಸುವುದಕ್ಕೆ ಹಣ ಎಲ್ಲಿಂದ ಬರುತ್ತದೆ? ದೆಹಲಿ, ಮುಂಬಯಿಗಳಲ್ಲಿ 2009ರಲ್ಲಿ 'ಅಭಿವೃದ್ಧಿ ಶುಲ್ಕ' ವಿಧಿಸಲಾಯಿತು. ದೆಹಲಿಯಲ್ಲಿ ದೇಶೀಯ ಪ್ರಯಾಣಿಕರಿಗೆ 200 ರೂಪಾಯಿ, ಅಂತಾರಾಷ್ಟ್ರೀಯ ಪ್ರಯಾಣಿಕರಿಗೆ 1,300 ರೂಪಾಯಿ. ಮುಂಬಯಿಯಲ್ಲಿ ಕ್ರಮವಾಗಿ 100 ಮತ್ತು 600 ರೂಪಾಯಿ. ಗ್ರಾಹಕ ಸಂಘಟನೆಯೊಂದು ಇದನ್ನು ಪ್ರಶ್ನಿಸಿತು. ನಿಯಂತ್ರಣ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದ ಮೇಲೆ ಅದು ದರ ನಿಗದಿ ಮಾಡದೆ ಇಂಥ ಶುಲ್ಕ ವಸೂಲು ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು.

ಆ ಪ್ರಾಧಿಕಾರವೇ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. 2008ರ ಕಾಯಿದೆಯಡಿ ರಚಿತವಾದ ಇದು ಪ್ರಮುಖ ನಿಲ್ದಾಣಗಳ ದರಗಳನ್ನು 5 ವರ್ಷದ ಅವಧಿಗಳಿಗೆ ನಿಗದಿ ಮಾಡುತ್ತದೆ. ವಿಮಾನ ಇಳಿಯುವ ಶುಲ್ಕದಿಂದ ಹಿಡಿದು ಸರಕು ನಿರ್ವಹಣೆ, ನೆಲಸೇವೆ, ಇಂಧನ ಪೂರೈಕೆಯವರೆಗೆ ಎಲ್ಲವೂ ಕಾಯಿದೆಯ ಪ್ರಕಾರ ವೈಮಾನಿಕ ಸೇವೆಗಳೇ. ಪ್ರಾಧಿಕಾರದ ಲೆಕ್ಕಾಚಾರದ ತಿರುಳನ್ನು ವ್ಯಾಪಾರಸ್ಥರು ಅರಿತಿರುವುದು ಒಳಿತು. ನಿರ್ವಾಹಕ ಸಂಸ್ಥೆ ಹೂಡಿದ ಬಂಡವಾಳದಲ್ಲಿ ಅಂಗೀಕೃತವಾದ ಭಾಗವು 'ನಿಯಂತ್ರಿತ ಆಸ್ತಿ ಮೂಲ'ಕ್ಕೆ ಸೇರುತ್ತದೆ. ಅದರ ಮೇಲೆ ನಿಗದಿತ ಪ್ರತಿಫಲ, ಸವಕಳಿ ಮತ್ತು ನಿರ್ವಹಣಾ ವೆಚ್ಚಗಳನ್ನು ಕೂಡಿಸಿ ಬಳಕೆದಾರರಿಂದ ವಸೂಲು ಮಾಡಲು ಅನುಮತಿ ನೀಡಲಾಗುತ್ತದೆ. ಒಂದು ಉಗ್ರಾಣವನ್ನು ಸರಿಸಲು ತಗಲುವ ವೆಚ್ಚ ಆಸ್ತಿ ಮೂಲಕ್ಕೆ ಸೇರಿತೆಂದರೆ ಅದು ಹಲವು ವರ್ಷಗಳ ಕಾಲ ದರಪಟ್ಟಿಯಲ್ಲಿ ಉಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟಡವೊಂದರ ಆಯುಷ್ಯವನ್ನು ದಶಕಗಳ ಲೆಕ್ಕದಲ್ಲಿ ಹಿಡಿದು ಸವಕಳಿ ಕಳೆಯಲಾಗುತ್ತದೆ. 15 ವರ್ಷಕ್ಕೇ ಅದನ್ನು ಕೆಡವಿದರೆ ಸವಕಳಿಯಾಗದೆ ಉಳಿದ ಮೌಲ್ಯ ಯಾರ ಹೊಣೆ? ಅದು ಆಸ್ತಿ ಮೂಲದಲ್ಲೇ ಮುಂದುವರಿದರೆ ಬಳಕೆದಾರನು ಇಲ್ಲದ ಕಟ್ಟಡಕ್ಕೂ ಹೊಸ ಕಟ್ಟಡಕ್ಕೂ ಏಕಕಾಲದಲ್ಲಿ ಹಣ ತೆತ್ತಂತಾಗುತ್ತದೆ. ಮನೆ ಖಾಲಿ ಮಾಡಿದ ಮೇಲೂ ಹಳೆಯ ಬಾಡಿಗೆ ಕಟ್ಟಿದ ಹಾಗೆ. ಬೆಳವಣಿಗೆಯ ಅಂದಾಜು ತಪ್ಪಿದ್ದು ಯೋಜನೆ ರೂಪಿಸಿದವರಿಂದ ಎಂದಾದಲ್ಲಿ ಈ ಹೊರೆಯನ್ನು ಪೂರ್ತಿಯಾಗಿ ಬಳಕೆದಾರನ ಮೇಲೆ ಹೊರಿಸುವುದು ನ್ಯಾಯವೆನಿಸದು.

ಇನ್ನೊಂದು ಪ್ರಶ್ನೆ ವರ್ಗೀಕರಣದ್ದು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯು ಅಂಗಡಿ, ಹೋಟೆಲ್ ಮುಂತಾದ ವೈಮಾನಿಕೇತರ ಆದಾಯದ ಶೇ. 30ರಷ್ಟನ್ನು ದರಗಳ ಇಳಿಕೆಗೆ ಬಳಸುವ ಪದ್ಧತಿಯನ್ನು ಅಂಗೀಕರಿಸಿತು. ಆದ್ದರಿಂದ ಉಗ್ರಾಣ ತೆರವಾದ ಜಾಗದಲ್ಲಿ ಮುಂದೆ ಏನು ಬರುತ್ತದೆ ಎಂಬುದೂ ಮುಖ್ಯ. ಅಲ್ಲಿ ಟ್ಯಾಕ್ಸಿ ಪಥ ಬಂದರೆ ಸ್ಥಳಾಂತರ ವೈಮಾನಿಕ ಅಗತ್ಯವೆನ್ನಬಹುದು. ವಾಣಿಜ್ಯ ಸಂಕೀರ್ಣ ಬಂದರೆ ಸ್ಥಳಾಂತರದ ವೆಚ್ಚವನ್ನು ಸರಕಿನ ಮೇಲೆ ಹೊರಿಸುವುದಕ್ಕೆ ಏನು ಆಧಾರ?

ಗೇಟಿನ ಹೊರಗಿನ ವೆಚ್ಚ

ದರಪಟ್ಟಿಯಲ್ಲಿ ಕಾಣದ ವೆಚ್ಚಗಳೂ ಇವೆ. ವಿಮಾನ ಸರಕಿನ ಬಹುಪಾಲು ಪ್ರತ್ಯೇಕ ಸರಕು ವಿಮಾನಗಳಲ್ಲಿ ಮಾತ್ರವಲ್ಲ, ಪ್ರಯಾಣಿಕ ವಿಮಾನಗಳ ತಳಭಾಗದಲ್ಲೂ ಸಾಗುತ್ತದೆ. ಹೀಗಾಗಿ ಉಗ್ರಾಣಕ್ಕೂ ಪ್ರಯಾಣಿಕ ವಿಮಾನಗಳು ನಿಲ್ಲುವ ಏಪ್ರನ್‌ಗೂ ಇರುವ ದೂರ ಮಹತ್ವದ್ದು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್‌ಗೆ ಬದಲಾದಾಗ ಪ್ರಯಾಣಿಕರ ದಾರಿಯ ಬಗ್ಗೆ ಪತ್ರಿಕೆಗಳು ಧಾರಾಳವಾಗಿ ಬರೆದವು. ಸರಕಿನ ದಾರಿಯ ಬಗ್ಗೆ ಅಷ್ಟು ಕುತೂಹಲ ಇರಲಿಲ್ಲ. ಬಿಸಿಲಿನಲ್ಲಿ ಟ್ರಾಲಿಯ ಮೇಲೆ ಹೆಚ್ಚು ಹೊತ್ತು ನಿಲ್ಲುವ ಹೂವು, ಔಷಧಿಗಳಿಗೆ ಶೈತ್ಯಾಗಾರದ ಗುಣಮಟ್ಟವೊಂದೇ ರಕ್ಷಣೆಯಾಗದು.

ನಗರದ ಕಡೆಯ ದೂರವನ್ನಂತೂ ಉದ್ಯಮಿಯೇ ನೇರವಾಗಿ ಭರಿಸಬೇಕು. 2008ರಲ್ಲಿ ಎಚ್‌ಎಎಲ್ ನಿಲ್ದಾಣ ಸಾರ್ವಜನಿಕ ವಿಮಾನಯಾನಕ್ಕೆ ಮುಚ್ಚಿದಾಗ ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆಗಳ ಲಾರಿಗಳು ಇಡೀ ನಗರವನ್ನು ಹಾದು ಉತ್ತರದ ಅಂಚಿಗೆ ಹೋಗಬೇಕಾಯಿತು. ಎರಡೂ ನಿಲ್ದಾಣಗಳು ಇರಲಿ ಎಂಬ ಒತ್ತಾಯ ಆಗ ಬಲವಾಗಿಯೇ ಕೇಳಿಬಂದಿತ್ತು. ಆದರೆ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ 25 ವರ್ಷ ಪೈಪೋಟಿಯ ನಿಲ್ದಾಣ ಬೇಡವೆಂಬ ಷರತ್ತು 2004ರ ಒಪ್ಪಂದದಲ್ಲೇ ಸೇರಿಹೋಗಿತ್ತು. ದನಿ ಎತ್ತಿದ್ದು ಸರಿಯಾದರೂ ಎತ್ತಬೇಕಾದ ವರ್ಷ ಕಳೆದುಹೋಗಿತ್ತು.

ನಿಲ್ದಾಣದ ಒಳಗಿನ ಸಣ್ಣ ಸ್ಥಳಾಂತರವೂ ಹಗುರವಲ್ಲ. ದಿನಕ್ಕೆ ಎರಡು ಸುತ್ತು ಹೋಗುತ್ತಿದ್ದ ಬಾಡಿಗೆ ವಾಹನವೊಂದು ಹೊಸ ಗೇಟಿನಲ್ಲಿ ಒಂದು ಗಂಟೆ ಹೆಚ್ಚು ಕಾಯುವಂತಾಗಿ ಒಂದೇ ಸುತ್ತಿಗೆ ಇಳಿಯಿತೆಂದು ಭಾವಿಸಿದರೆ, ಸಾಗಣೆ ವೆಚ್ಚ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ನೂರಾರು ಟನ್ ಕಳುಹಿಸುವ ದೊಡ್ಡ ಸಂಸ್ಥೆ ಇದನ್ನು ಒಪ್ಪಂದದಲ್ಲಿ ಸರಿಹೊಂದಿಸಿಕೊಳ್ಳಬಲ್ಲದು. 40 ಕಿಲೋ ಪೆಟ್ಟಿಗೆಯೊಂದನ್ನು ಏಜೆಂಟರ ಮೂಲಕ ಕಳುಹಿಸುವ ಸಣ್ಣ ಉದ್ದಿಮೆಗೆ ಆ ಚೌಕಾಸಿಯ ಶಕ್ತಿಯಿಲ್ಲ.

ಬೀಗ ಬದಲಿಸುವ ದಿನ

ಹೊಸ ಉಗ್ರಾಣ ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 1962ರ ಸುಂಕ ಕಾಯಿದೆಯ 8ನೆಯ ಕಲಮಿನಡಿ ಆ ಪ್ರದೇಶವನ್ನು ಸುಂಕ ಪ್ರದೇಶವೆಂದು ನಿಗದಿಪಡಿಸಬೇಕು, 45ನೆಯ ಕಲಮಿನಡಿ ಪಾಲಕ ಸಂಸ್ಥೆಗೆ ಅನುಮೋದನೆ ದೊರೆಯಬೇಕು, 2009ರ ಸರಕು ನಿರ್ವಹಣಾ ನಿಯಮಾವಳಿಯ ಷರತ್ತುಗಳು ಪೂರೈಕೆಯಾಗಬೇಕು. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಒಪ್ಪಿಗೆ ಬೇರೆ. ವಿಸ್ತರಣೆ ದೊಡ್ಡದಾದಲ್ಲಿ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕಾಗುತ್ತದೆ.

ಹಾಂಗ್‌ಕಾಂಗ್‌ನಲ್ಲಿ 1998ರ ಜುಲೈ 6ರಂದು ಹೊಸ ನಿಲ್ದಾಣ ತೆರೆದಾಗ ಅಲ್ಲಿನ ಪ್ರಧಾನ ಸರಕು ಟರ್ಮಿನಲ್‌ನ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟಿತು. ಸರಕು ರಾಶಿಬಿದ್ದು, ಬಹುಪಾಲು ಸರಕನ್ನು ಸ್ವೀಕರಿಸುವುದನ್ನೇ ನಿಲ್ಲಿಸಿ, ಮುಚ್ಚಿದ್ದ ಕೈ ಟಕ್ ನಿಲ್ದಾಣದ ಹಳೆಯ ಉಗ್ರಾಣವನ್ನು ಮತ್ತೆ ಬಳಕೆಗೆ ತೆಗೆದುಕೊಳ್ಳಬೇಕಾಯಿತು. ಪರಿಸ್ಥಿತಿ ಸುಧಾರಿಸಲು ವಾರಗಳೇ ಹಿಡಿದವು. ಹಳೆಯ ಕಟ್ಟಡ ಇನ್ನೂ ನಿಂತಿತ್ತೆಂಬುದೇ ಆಗ ಉಳಿಸಿದ ಸಂಗತಿ. ಜಾಗದ ಅಭಾವದಿಂದ ಸ್ಥಳಾಂತರ ನಡೆಯುವಲ್ಲಿ ಹಳೆಯ ಉಗ್ರಾಣವನ್ನು ಕೆಲಕಾಲ ಉಳಿಸಿಕೊಳ್ಳುವ ಅವಕಾಶವೂ ಇರುವುದಿಲ್ಲ, ಏಕೆಂದರೆ ಅದನ್ನು ಕೆಡವುವುದೇ ಸ್ಥಳಾಂತರದ ಉದ್ದೇಶ.

ಬೆಂಗಳೂರಿನಲ್ಲಿ 2025ರ ಫೆಬ್ರವರಿಯಲ್ಲಿ ದೇಶೀಯ ಸರಕಿಗಾಗಿಯೇ ಪ್ರತ್ಯೇಕ ಟರ್ಮಿನಲ್ ಆರಂಭವಾದದ್ದು ಸ್ವಾಗತಾರ್ಹ. ಸುಮಾರು 2.45 ಲಕ್ಷ ಚದರ ಅಡಿಯ ಈ ಕಟ್ಟಡದ ಸಾಮರ್ಥ್ಯ ವರ್ಷಕ್ಕೆ 3.6 ಲಕ್ಷ ಟನ್. ಹೊಸ ಜಾಗದಲ್ಲಿ ಹೊಸದಾಗಿ ಕಟ್ಟಿದ್ದು ಇದರ ಅನುಕೂಲ.

ಅಹವಾಲಿಗೆ ಅವಕಾಶ ಎಲ್ಲಿ?

ಕಾನೂನಿನಲ್ಲಿ ಬಾಗಿಲು ಮುಚ್ಚಿಲ್ಲ. ದೊಡ್ಡ ಬಂಡವಾಳ ಯೋಜನೆಗಳ ಬಗ್ಗೆ ನಿರ್ವಾಹಕ ಸಂಸ್ಥೆಯು ಬಳಕೆದಾರರ ಸಮಾಲೋಚನಾ ಸಮಿತಿಯ ಮುಂದೆ ವಿವರ ಇಡಬೇಕೆಂದು ಪ್ರಾಧಿಕಾರದ ಮಾರ್ಗಸೂಚಿ ಹೇಳುತ್ತದೆ. ದರ ನಿಗದಿಗೆ ಮುನ್ನ ಪ್ರಾಧಿಕಾರ ಸಮಾಲೋಚನಾ ಪತ್ರ ಪ್ರಕಟಿಸಿ ಲಿಖಿತ ಅಭಿಪ್ರಾಯ ಆಹ್ವಾನಿಸುತ್ತದೆ. ಆದೇಶ ಒಪ್ಪಿಗೆಯಾಗದಿದ್ದಲ್ಲಿ ಮೇಲ್ಮನವಿಗೂ ಅವಕಾಶವುಂಟು. 2017ರಿಂದ ಈ ಅಧಿಕಾರ ದೂರಸಂಪರ್ಕ ವಿವಾದಗಳ ನ್ಯಾಯಮಂಡಳಿಯದ್ದಾಗಿದೆ. ವಿಮಾನ ಸಂಸ್ಥೆಗಳೂ ಅವುಗಳ ಒಕ್ಕೂಟಗಳೂ ಪುಟಗಟ್ಟಲೆ ಆಕ್ಷೇಪಣೆ ಸಲ್ಲಿಸುತ್ತವೆ. ಸರಕಿನ ಒಡೆಯರಾದ ತಯಾರಕರ ಧ್ವನಿ ಅಲ್ಲಿ ಕ್ಷೀಣ.

ಕೇಳಬೇಕಾದದ್ದು ಗಹನವಾದ ವಿಷಯಗಳನ್ನೇನಲ್ಲ. ಹೊಸ ಅಂಗಳದಲ್ಲಿ ಏಕಕಾಲಕ್ಕೆ ಎಷ್ಟು ಲಾರಿಗಳು ಸರಕು ಇಳಿಸಬಹುದು, ರಾತ್ರಿಯ ದಟ್ಟಣೆಯ ಹೊತ್ತಿನಲ್ಲಿ ಸಾಲು ಹೆದ್ದಾರಿಯವರೆಗೆ ಬೆಳೆಯುವುದೇ, ಹಳೆಯ ಮತ್ತು ಹೊಸ ಉಗ್ರಾಣಗಳು ಎಷ್ಟು ದಿನ ಜೊತೆಯಾಗಿ ನಡೆಯುತ್ತವೆ, ಸ್ಥಳಾಂತರದ ಅವಧಿಯಲ್ಲಿ ಆಗುವ ವಿಳಂಬಕ್ಕೆ ಡೆಮರೇಜ್ ಮನ್ನಾ ಇದೆಯೇ, ಕೆಡವಿದ ಕಟ್ಟಡದ ಉಳಿಕೆ ಮೌಲ್ಯವನ್ನು ಆಸ್ತಿ ಮೂಲದಿಂದ ತೆಗೆಯಲಾಗಿದೆಯೇ ಎಂಬ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಪಡೆದರೆ ಸಾಕು. ಎರಡು ಅಥವಾ ಹೆಚ್ಚು ಸರಕು ನಿರ್ವಾಹಕರಿರುವಲ್ಲಿ ಪೈಪೋಟಿಯಿದೆಯೆಂದು ಭಾವಿಸಿ ಪ್ರಾಧಿಕಾರವು ದರಗಳ ಮೇಲೆ ಲಘು ನಿಯಂತ್ರಣವನ್ನಷ್ಟೇ ಇಡುತ್ತದೆ. ಅಲ್ಲಿಯಂತೂ ಪ್ರಶ್ನೆ ಕೇಳುವ ಹೊಣೆ ಬಳಕೆದಾರನ ಮೇಲೆಯೇ ಹೆಚ್ಚು ಬೀಳುತ್ತದೆ.

ಬೆಂಗಳೂರು ನಿಲ್ದಾಣದ ಮೂರನೆಯ ದರ ಅವಧಿ 2021ರಿಂದ 2026ರ ಮಾರ್ಚ್‌ವರೆಗಿನದು. ನಾಲ್ಕನೆಯ ಅವಧಿಯ ಲೆಕ್ಕ 2026ರ ಏಪ್ರಿಲ್ 1ರಿಂದ. ಹಿಂದಿನ ಅವಧಿಯಲ್ಲಿ ಅಂದಾಜಿಗೂ ವಾಸ್ತವಕ್ಕೂ ಬಂದ ವ್ಯತ್ಯಾಸವನ್ನು ಮುಂದಿನ ಅವಧಿಯಲ್ಲಿ ಸರಿದೂಗಿಸುವ ಕ್ರಮವಿರುವುದರಿಂದ, ಒಮ್ಮೆ ಪ್ರಶ್ನಿಸದೆ ಬಿಟ್ಟ ವೆಚ್ಚದ ಕಡತವನ್ನು ಮರುಪರಿಶೀಲನೆಗೆ ತರಲು ಅದೇ ಸಮಾಲೋಚನೆ ಎರಡನೆಯ ಅವಕಾಶ. ಅಭಿಪ್ರಾಯ ಸಲ್ಲಿಕೆಗೆ ದೊರೆಯುವ ಕಾಲಾವಕಾಶ ಸಾಮಾನ್ಯವಾಗಿ ಕೆಲವೇ ವಾರಗಳು. ಕಳೆದ ಎರಡು-ಮೂರು ವರ್ಷಗಳ ಉಗ್ರಾಣದ ಬಿಲ್ಲುಗಳು, ಲಾರಿ ಕಾಯ್ದ ಸಮಯದ ದಾಖಲೆಗಳು, ಡೆಮರೇಜ್ ರಸೀದಿಗಳು ಇವುಗಳನ್ನು ಮೊದಲೇ ಒಂದು ಕಡತದಲ್ಲಿ ಜೋಡಿಸಿಟ್ಟುಕೊಂಡ ಉದ್ಯಮಿಗೆ ಆ ವಾರಗಳು ಸಾಕಾಗುತ್ತವೆ.