ಬಾಯಿಗೆ ಬರುವ ‘ಮುಂಡೇದು’ ಎಲ್ಲಿಂದ ಬಂತು?

ಒಲೆಯ ಮೇಲಿಟ್ಟ ಹಾಲು ಉಕ್ಕಿತು. ‘ಹಾಳು ಮುಂಡೇದು, ಒಂದು ಗಳಿಗೆ ಆ ಕಡೆ ತಿರುಗೋ ಹಾಗಿಲ್ಲ!’ ಅಂತ ಗೊಣಗಿಕೊಂಡೇ ಒರೆಸುತ್ತೀರಿ. ಮಗಳು ಅಂಗಳದಲ್ಲಿ ಎಡವಿ ಬಿದ್ದರೆ ಓಡಿಹೋಗಿ ಎತ್ತಿಕೊಂಡು, ‘ನೋಡ್ಕೊಂಡು ಓಡಬಾರದೇನೇ ಮುಂಡೇದೇ’ ಎಂದು ಮುದ್ದು ಬೆರೆಸಿ ಗದರುತ್ತೀರಿ. ಹಾಲಿಗೂ ಅದೇ, ಮಗುವಿಗೂ ಅದೇ, ಅಟ್ಟದ ಮೇಲಿನ ಬೆಕ್ಕಿಗೂ ಅದೇ ಮಾತು. ನಮ್ಮ ಅಮ್ಮಂದಿರು ಅಂದರು, ನಾವೂ ಅನ್ನುತ್ತೇವೆ. ಅದರ ಅರ್ಥವೇನು ಅಂತ ಎಂದಾದರೂ ಯೋಚಿಸಿದ್ದೀರಾ?

ಬೋಳಾದ ತಲೆಯ ಕಥೆ

ಸಂಸ್ಕೃತದಲ್ಲಿ ‘ಮುಂಡ’ ಎಂದರೆ ಬೋಳಿಸಿದ ತಲೆ. ಮಗುವಿನ ಕೂದಲು ತೆಗೆಸುವುದಕ್ಕೆ ‘ಮುಂಡನ’ ಎನ್ನುವುದೂ ಇದರಿಂದಲೇ. ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಂಡವಳು ‘ಮುಂಡೆ’. ಆ ಮುಂಡೆಯೇ ನಮ್ಮ ಬಾಯಲ್ಲಿ ‘ಮುಂಡೇದು’ ಆಗಿದೆ. ಅಚ್ಚ ಕನ್ನಡದ ‘ಬೋಳಿ’ಯ ಕಥೆಯೂ ಇದೇ. ಎರಡೂ ಮೊದಲು ಬೈಗುಳವಾಗಿರಲಿಲ್ಲ, ಒಬ್ಬ ಹೆಣ್ಣಿನ ಸ್ಥಿತಿಯನ್ನು ಹೇಳುವ ಮಾತುಗಳಾಗಿದ್ದವು. ಆ ಸ್ಥಿತಿಯನ್ನೇ ಜನ ಹೀನವಾಗಿ ಕಂಡದ್ದರಿಂದ ಮಾತೂ ಬೈಗುಳವಾಯಿತು.

ಎಲ್ಲ ಜಾತಿಗಳಲ್ಲೂ ಈ ಪದ್ಧತಿ ಇರಲಿಲ್ಲ. ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ‘ಉಡಿಕೆ’ ಮಾಡಿ ಮತ್ತೆ ಸಂಸಾರ ಕಟ್ಟಿಕೊಡುತ್ತಿದ್ದರು. ಬ್ರಾಹ್ಮಣರಲ್ಲಿ ಮತ್ತು ಅವರ ಆಚಾರ ಹಿಡಿದ ಕೆಲವರಲ್ಲಿ ಮಾತ್ರ ಕಟ್ಟುನಿಟ್ಟು. ಹೆಂಡತಿ ಕಟ್ಟಿಕೊಂಡ ಕೂದಲು ಸತ್ತ ಗಂಡನನ್ನು ಪರಲೋಕದಲ್ಲಿ ಕಟ್ಟಿಹಾಕುತ್ತದೆ ಎಂಬ ನಂಬಿಕೆ ಬೇರೆ! ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ‘ಮಡಿ ಹೆಂಗಸು’ ಎಂದು ಅಡಿಗೆಮನೆಯ ಮೂಲೆ ತೋರಿಸುತ್ತಿದ್ದರು. ಕೂದಲು ಉಳಿಸಿಕೊಂಡವಳನ್ನು ‘ಸಕೇಶಿ’ ಎಂದು ಬೇರೆಯಾಗಿಯೇ ಕರೆಯುತ್ತಿದ್ದರು. ಮದುವೆ ಎಂದರೇನೆಂದು ಅರಿಯದ ವಯಸ್ಸಿನಲ್ಲೇ ವಿಧವೆಯಾದವರು ಎಷ್ಟು ಜನ! 1894ರಲ್ಲಿ ಮೈಸೂರು ಸಂಸ್ಥಾನ, ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ತಡೆಯಲು ಕಾನೂನನ್ನೇ ಮಾಡಬೇಕಾಯಿತು ಎಂದರೆ ಲೆಕ್ಕ ಹಾಕಿ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನಿಮ್ಮಲ್ಲಿ ಅನೇಕರು ಓದಿರುತ್ತೀರಿ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಇಂದಿರಾ ಅವರ ಬಂಧುಗಳಲ್ಲೇ ಬಾಳಿದ್ದ ಬಾಲವಿಧವೆಯೊಬ್ಬರ ಕಥೆ ಅದು. ಓದದವರು ಲೈಬ್ರರಿಯಿಂದ ತಂದು ಓದಿ. ಆಮೇಲೆ ‘ಮುಂಡೇದು’ ಅಷ್ಟು ಸಲೀಸಾಗಿ ನಾಲಿಗೆಗೆ ಬರುವುದಿಲ್ಲ.

ಬೇಡ ಎಂದವರು

ಬೇಡ ಎಂದವರೂ ಇದ್ದರು. 1856ರಲ್ಲೇ ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಸ್ವತಃ ವಿಧವೆ, 1889ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ ತೆರೆದು ಎಳೆಯ ವಿಧವೆಯರಿಗೆ ಓದು ಕಲಿಸಿದರು. ಮರುವರ್ಷ ಅದೇ ಊರಿನ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧರಿಸಿದರು. ಕತ್ತಿ ಹಿಡಿದವರ ಮನಸ್ಸೇ ಕರಗಿತ್ತು ನೋಡಿ!

ನಮ್ಮ ನಾಡಿನ ಬಾಲವಿಧವೆಯರೂ ಮೂಲೆಯಲ್ಲೇ ಕೂರಲಿಲ್ಲ. ನಂಜನಗೂಡಿನ ತಿರುಮಲಾಂಬಾ 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ, ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆ ನಡೆಸಿದರು, ಬೆಂಗಳೂರಿನಲ್ಲಿ ‘ಮಕ್ಕಳ ಕೂಟ’ ಕಟ್ಟಿದರು. ಹೆಂಗಸರಿಗೆಂದೇ ಪತ್ರಿಕೆಗಳು ಇಂದು ನಮ್ಮ ಕೈಗೆ ಬರುತ್ತಿದ್ದರೆ, ದಾರಿ ಮಾಡಿದವರು ಇಂಥವರು. ಊರು ‘ಮುಂಡೆ’ ಎಂದು ಮೂಲೆಗೆ ತಳ್ಳಬಹುದಾಗಿದ್ದ ಹೆಣ್ಣುಮಕ್ಕಳು!

ಪೆಟ್ಟು ಯಾರಿಗೆ?

‘ಮುಂಡೇಮಗನೇ’ ಎಂದು ಗಂಡಸರು ಬೀದಿಯಲ್ಲಿ ಜಗಳವಾಡುವಾಗ ಬೈಸಿಕೊಳ್ಳುವವನು ಗಂಡಸು, ಪೆಟ್ಟು ಮಾತ್ರ ಮನೆಯಲ್ಲಿ ಕುಳಿತ ಅವನ ತಾಯಿಗೆ. ‘ಮುಂಡೆ ಮದುವೇಲಿ ಉಂಡೋನೇ ಜಾಣ’ ಎಂಬ ಗಾದೆಯನ್ನು ನಕ್ಕು ಹೇಳುತ್ತೇವಲ್ಲ, ಆ ನಗು ಯಾರ ಮೇಲೆ? ಹೆಂಡತಿ ಸತ್ತವನಿಗೆ ‘ವಿಧುರ’ ಎಂಬ ಹೆಸರಿದೆ. ಅದನ್ನು ಬೈಗುಳವಾಗಿ ಕೇಳಿದ್ದೀರಾ? ಅವನಿಗೆ ವರ್ಷ ತುಂಬುವುದರೊಳಗೆ ಎರಡನೇ ಸಂಬಂಧ ನೋಡುತ್ತಾರೆ, ಅಷ್ಟೇ.

ತಲೆ ಬೋಳಿಸುವ ಕಾಲ ಹೋಯಿತು ನಿಜ. ಆದರೆ ಆರತಿಗೆ ಕರೆಯುವಾಗ, ಬಾಗಿನ ಕೊಡುವಾಗ ಯಾರನ್ನು ಬಿಟ್ಟುಬಿಡುತ್ತೇವೆ? 2022ರಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರ್ವಾಡ ಎಂಬ ಹಳ್ಳಿಯ ಪಂಚಾಯ್ತಿ, ಗಂಡ ಸತ್ತವಳ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿ ನಮ್ಮೂರಲ್ಲಿ ಬೇಡ ಎಂದು ಗೊತ್ತುವಳಿ ಮಾಡಿತು. ಒಂದು ಹಳ್ಳಿ ಅಷ್ಟು ಮಾಡಬಹುದಾದರೆ, ನಾವು ನಾಲಿಗೆಯನ್ನಾದರೂ ತಿದ್ದಿಕೊಳ್ಳಬಾರದೇ?

ನಿಮ್ಮ ಮನೆಯಲ್ಲೂ ಗಂಡನನ್ನು ಕಳೆದುಕೊಂಡ ಅತ್ತೆಯೋ ಚಿಕ್ಕಮ್ಮನೋ ಇರಬಹುದು. ನೀವು ಹಾಲಿಗೆ, ಬೆಕ್ಕಿಗೆ ಆಡಿದ ಮಾತು ನಡುಮನೆಯಲ್ಲಿ ಹೂ ಕಟ್ಟುತ್ತಾ ಕುಳಿತ ಅವರ ಕಿವಿಗೂ ಬೀಳುತ್ತದೆ. ಅವರು ಏನೂ ಅನ್ನುವುದಿಲ್ಲ. ಅಭ್ಯಾಸವಾಗಿಬಿಟ್ಟಿದೆ.

ಮುಂದಿನ ಸಲ ಹಾಲು ಉಕ್ಕಿದಾಗ ‘ಅಯ್ಯೋ ಶಿವನೇ’ ಅನ್ನಿ. ಮಗು ಬಿದ್ದರೆ ‘ಅಯ್ಯೋ ಕಂದಾ’ ಅನ್ನಿ. ಮೊದಮೊದಲು ಮರೆಯುತ್ತದೆ. ಮರೆತಾಗ ನಾಲಿಗೆ ಕಚ್ಚಿಕೊಳ್ಳಿ, ಮಗಳ ಮುಂದೆಯೇ. ‘ಯಾಕಮ್ಮಾ?’ ಅಂತ ಕೇಳಿದರೆ ಈ ಕಥೆ ಹೇಳಿ. ಅವಳ ಮಗಳ ಕಾಲಕ್ಕಾದರೂ ಈ ಮಾತು ನಮ್ಮ ಅಡಿಗೆಮನೆ ಬಿಟ್ಟು ಹೋಗಲಿ.