ಕಿಟ್‌ನಲ್ಲಿ ಒಂದೇ ಗೆರೆ, ಮುಟ್ಟೂ ಇಲ್ಲ: ಏನಾಗಿರಬಹುದು?

ಗುತ್ತಿಗಾರಿನಂಥ ಊರಲ್ಲಿ ಮೆಡಿಕಲ್‌ಗೆ ಹೋಗಿ ಗರ್ಭಪರೀಕ್ಷೆಯ ಕಿಟ್ ಕೇಳುವುದೇ ಒಂದು ದೊಡ್ಡ ಕೆಲಸ. ಅಂಗಡಿಯವರಿಗೆ ಗಂಡನ ಮನೆಯವರೂ ಗೊತ್ತು, ತವರಿನವರೂ ಗೊತ್ತು. ಅಷ್ಟು ಧೈರ್ಯ ಮಾಡಿ ತಂದ ಕಿಟ್‌ನಲ್ಲಿ ಒಂದೇ ಗೆರೆ ಬಂದು, ಮುಟ್ಟೂ ಬಾರದೆ ಹತ್ತು ದಿನ ಕಳೆದರೆ ಯಾರನ್ನು ಕೇಳುವುದು? ಕಿಟ್ ಸುಳ್ಳು ಹೇಳಿತೇ ಎಂಬ ಅನುಮಾನ ಬರುತ್ತದೆ. ನನ್ನನ್ನು ಕೇಳಿದರೆ, ಹೆಚ್ಚಿನ ಸಲ ದಾರಿ ತಪ್ಪಿಸುವುದು ಕಿಟ್ ಅಲ್ಲ, ಗೋಡೆಯ ಕ್ಯಾಲೆಂಡರ್.

ನಾವು ಲೆಕ್ಕ ಹಾಕುವುದು ಹಿಂದಿನ ಮುಟ್ಟಿನಿಂದ. ದೇಹ ಲೆಕ್ಕ ಹಾಕುವುದು ಅಂಡ ಬಿಡುಗಡೆಯಾದ ದಿನದಿಂದ. ಅಲ್ಲಿಂದ ಸುಮಾರು 14 ದಿನಕ್ಕೆ ಮುಟ್ಟು. ಜ್ವರ, ನಿದ್ದೆಗೇಡು, ಮನಸ್ಸಿನ ಒತ್ತಡ, ತೂಕದ ಏರಿಳಿತದಿಂದ ಅಂಡವೇ ಹತ್ತು ದಿನ ತಡವಾದರೆ ಮುಟ್ಟೂ ಹತ್ತು ದಿನ ತಡ. ಗರ್ಭ ನಿಂತಿದ್ದರೂ ಅಷ್ಟೇ. ಕಿಟ್ ಹುಡುಕುವ ಎಚ್‌ಸಿಜಿ ಹಾರ್ಮೋನು ಮೂತ್ರದಲ್ಲಿ ಕಾಣಿಸುವುದು ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ. ಹಾಗಾಗಿ ಇವತ್ತು ‘ಇಲ್ಲ’ ಎಂದ ಕಿಟ್ ವಾರ ಬಿಟ್ಟು ‘ಹೌದು’ ಎನ್ನಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಇನ್ನೊಮ್ಮೆ ನೋಡಿ. ಕೊನೆಯ ಸಲ ಕೂಡಿದ ಮೇಲೆ 21 ದಿನ ಕಳೆದಿದ್ದರೆ ಆ ಉತ್ತರವನ್ನು ಬಹುಮಟ್ಟಿಗೆ ನಂಬಬಹುದು. ಮೆಡಿಕಲ್‌ಗೆ ಹೋಗಲು ಮುಜುಗರವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ‘ನಿಶ್ಚಯ್’ ಕಿಟ್ ಇರುವುದು ಅದಕ್ಕೇ.

ನಮ್ಮ ಕಡೆ ಇನ್ನೊಂದು ಕಾರಣವನ್ನೂ ಹೇಳಬೇಕು. ಕುಕ್ಕೆಯ ಚಂಪಾಷಷ್ಠಿ, ತರವಾಡು ಮನೆಯ ತಂಬಿಲ, ಮದುವೆ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗುತ್ತೇವೆ. (ಯಾಕೆ ಮುಂದೂಡಬೇಕು ಎಂಬುದರಲ್ಲೇ ನನಗೆ ತಕರಾರಿದೆ, ಅದು ಬೇರೆ ಚರ್ಚೆ.) ಆ ನಾರೆಥಿಸ್ಟೆರಾನ್ ನಿಲ್ಲಿಸಿದ ಎರಡು ಮೂರು ದಿನಕ್ಕೆ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ಆದರೆ ಹೀಗೆ ನಾಲ್ಕು ದಿನ ನುಂಗುವ ಮಾತ್ರೆ ಗರ್ಭ ತಡೆಯುತ್ತದೆಂದು ನಂಬಬೇಡಿ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ತುರ್ತು ಗರ್ಭನಿರೋಧಕ ಮಾತ್ರೆಯೂ ತಾರೀಖನ್ನು ಹಿಂದೆ ಮುಂದೆ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು ಪಡೆದವರಿಗೆ ಮುಟ್ಟು ಪೂರ್ತಿ ನಿಂತರೂ ಆಶ್ಚರ್ಯವಿಲ್ಲ. ಮೊಲೆಯೂಡಿಸುವವರಿಗೂ, ನಲವತ್ತು ದಾಟಿದವರಿಗೂ ತಡವಾಗುವುದುಂಟು.

ಇದ್ಯಾವುದೂ ಅಲ್ಲದೆ ಮೂರು ತಿಂಗಳು ಮುಟ್ಟಿಲ್ಲವೆಂದರೆ ಎಳ್ಳು, ಬೆಲ್ಲ, ಪಪ್ಪಾಯಿ ಅಂತ ಕಾಯಬೇಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ ಆಗಬೇಕು, ಪಿಸಿಒಎಸ್ ಇದೆಯೇ ಎಂದು ಡಾಕ್ಟರು ನೋಡಬೇಕು. ಮುಖದಲ್ಲಿ ಕೂದಲು, ಮೊಡವೆ, ಏರುವ ತೂಕ, ಮೊಲೆಯಿಂದ ಹಾಲಿನಂತೆ ಒಸರುವುದು ಇದ್ದರೆ ನಾಚದೆ ಹೇಳಿ.

ಒಂದು ಸಂದರ್ಭದಲ್ಲಿ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಮುಟ್ಟು ತಡವಾಗಿ, ಕೆಳಹೊಟ್ಟೆಯ ಒಂದು ಬದಿ ವಿಪರೀತ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ಸ್ವಲ್ಪ ರಕ್ತ ಕಂಡರೆ ಗರ್ಭ ನಾಳದಲ್ಲಿ ಕೂತಿರಬಹುದು. ಆಗ ಗೆರೆ ಮಸುಕಾಗಿದ್ದರೂ, ಕಾಣದಿದ್ದರೂ 108ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಸುಳ್ಯಕ್ಕೋ ಪುತ್ತೂರಿಗೋ ಹೊರಡಿ.